ಪಳಗದ ಡಿಸ್ಕ್

ಮಾರ್ಚ್ 3, ಮಂಗಳವಾರ

ಹೊಸ ಲಾಟ್ ಬಂತು. ನಲವತ್ತು ಬ್ರೇಕ್ ಡಿಸ್ಕ್. ಮಧ್ಯಾಹ್ನದೊಳಗೆ ಹದಿನಾಲ್ಕು ಅಳೆದೆ, ಒಂದೊಂದನ್ನೂ ಆರಾರು ಜಾಗದಲ್ಲಿ. 4.01, 4.02, 4.00, 4.01… ಹೊಸದು ನಾಲ್ಕು ಮಿಲಿಮೀಟರ್ ದಪ್ಪ ಇರಬೇಕು. ಸವೆದು ಮೂರೂವರೆಗೆ ಬಂದರೆ ಎಸೆಯಬೇಕು. ಹತ್ತೊಂಬತ್ತು ವರ್ಷದ ನೌಕರಿಯೆಲ್ಲ ಈ ಅರ್ಧ ಮಿಲಿಮೀಟರಿನೊಳಗೇ ಕಳೆದಿದೆ.

ಒಂದು 3.94 ತೋರಿಸಿತು. ಒರೆಸಿ ಮತ್ತೆ ಅಳೆದೆ. 3.94. ಕೆಂಪು ಚೀಟಿ ಕಟ್ಟಿ ಪಕ್ಕಕ್ಕಿಟ್ಟೆ. ಮ್ಯಾನೇಜರ್ ಬಂದು ನೋಡಿ, "ಇಷ್ಟಕ್ಕೆಲ್ಲ ಯಾಕೆ ಮೇಡಂ, ಕೂದಲೆಳೆಯಷ್ಟು" ಅಂದರು. ಕೂದಲೆಳೆ ನೋಡುವುದಕ್ಕೇ ನನ್ನನ್ನು ಇಟ್ಟುಕೊಂಡಿದ್ದೀರಿ ಅನ್ನಲಿಲ್ಲ. ಅನ್ನಬೇಕಿತ್ತು.

ಶನಿವಾರದೊಳಗೆ ಸ್ಯಾಂಪಲ್ ಸಾಗಿಸುವ ನಮ್ಮ ಮೂವತ್ತೊಂಬತ್ತು ಬೈಕಿಗೂ ಮುಂದಿನ ಡಿಸ್ಕ್ ಬದಲಾಗಬೇಕಂತೆ. ಕ್ಲಿನಿಕ್ಕಿನಿಂದ ರಕ್ತದ ಸ್ಯಾಂಪಲ್ ತಡವಾಗಿ ಬಂದರೆ ಲ್ಯಾಬಿನವರು ನಮ್ಮ ಕಂಪನಿಯನ್ನೇ ಬೈಯುತ್ತಾರಂತೆ. ಬೈಯಲಿ.

ನನ್ನ ತಮ್ಮ, ಇಲ್ಲೇ ಮೆಕ್ಯಾನಿಕ್, ರಿಪೇರಿಯ ಎರಡನೇ ಬೇಯಲ್ಲಿ ಚಕ್ರ ಬಿಚ್ಚುತ್ತಿದ್ದ. ಅಲ್ಲಿಂದಲೇ ಕೂಗಿದ: "ಅಕ್ಕ, ಹೆಣ್ಣು ನೋಡೋಕೆ ಬಂದವರಿಗೂ ಮೈಕ್ರೋಮೀಟರ್ ಹಾಕಿ ನೋಡ್ದೆ ಅಲ್ವಾ? ಅದಕ್ಕೇ ಯಾರೂ ಪಾಸಾಗ್ಲಿಲ್ಲ." ಇಡೀ ಗ್ಯಾರೇಜು ನಕ್ಕಿತು. ನಾನೂ ನಕ್ಕೆ. ನಲವತ್ಮೂರು ವರ್ಷದವಳು ಇದಕ್ಕೆಲ್ಲ ಮುನಿಸಿಕೊಂಡರೆ ಆಗುತ್ತದೆಯೇ. ಮನೆಗೆ ಬಂದು ತಟ್ಟೆ ಇಡುವಾಗ ಸ್ವಲ್ಪ ಜೋರಾಗಿ ಇಟ್ಟೆ, ಅಷ್ಟೇ.

ಮಾರ್ಚ್ 5, ಗುರುವಾರ

ಹತ್ತೊಂಬತ್ತು ಆಯಿತು. ಇನ್ನೂ ಇಪ್ಪತ್ತು.

ಹೊಸ ಡಿಸ್ಕ್ ಹಾಕಿದ ಕೂಡಲೇ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಎಷ್ಟು ಸಲ ಹೇಳಿದರೂ ಮ್ಯಾನೇಜರ್ ಕಿವಿಗೆ ಹೋಗುವುದಿಲ್ಲ. ಡಿಸ್ಕಿನ ಮೈಮೇಲೆ ಮೆಷಿನ್ ಉಜ್ಜಿದ ಗೀರು ಇರುತ್ತದೆ. ಡಿಸ್ಕನ್ನು ಒತ್ತಿ ಹಿಡಿಯುವ ಹೊಸ ಪ್ಯಾಡ್ ಅದರ ಮೇಲೆ ಪೂರ್ತಿ ಕೂರುವುದಿಲ್ಲ. ನಲವತ್ತರ ಸ್ಪೀಡಿಗೆ ಹೋಗಿ ಮೆತ್ತಗೆ ಹತ್ತಕ್ಕೆ ಇಳಿಸಬೇಕು. ಮತ್ತೆ ನಲವತ್ತು, ಮತ್ತೆ ಹತ್ತು. ಮೂವತ್ತು ಸಲ. ನಡುನಡುವೆ ಆರಲು ಬಿಡಬೇಕು. ಆಗ ಪ್ಯಾಡಿನ ಪುಡಿ ಡಿಸ್ಕಿಗೆ ತೆಳ್ಳಗೆ, ಒಂದೇ ಸಮ ಹತ್ತಿಕೊಳ್ಳುತ್ತದೆ. ಗ್ಯಾರೇಜಿನಲ್ಲಿ ನಾವು ಇದಕ್ಕೆ ಪಳಗಿಸುವುದು ಅನ್ನುತ್ತೇವೆ.

ಗೋಡೌನ್ ಹಿಂದಿನ ಖಾಲಿ ರಸ್ತೆಯಲ್ಲಿ ತಮ್ಮ ಪಳಗಿಸಿ ತರುತ್ತಾನೆ. ಒಂದಕ್ಕೆ ಇಪ್ಪತ್ತೈದು ನಿಮಿಷ. ಬಂದ ಮೇಲೆ ಆರಲು ಬಿಟ್ಟು ನಾನು ನೋಡುತ್ತೇನೆ. ಗೀರು ಮಾಸಿರಬೇಕು, ಹೊಳಪು ಸತ್ತಿರಬೇಕು. ಅಂಚಿನಿಂದ ಅಂಚಿಗೆ ಬೂದು ಬಣ್ಣ. ಉಗುರು ಎಳೆದರೆ ಎಲ್ಲೂ ತಡೆಯಬಾರದು. ಇವತ್ತಿನ ಏಳರಲ್ಲೂ ತಡೆಯಲಿಲ್ಲ. ಅವನ ಕೈಗೆ ಆ ಗುಣ ಇದೆ. ಅವನಿಗೆ ಹೇಳುವುದಿಲ್ಲ, ತಲೆ ಮೇಲೆ ಕೂರುತ್ತಾನೆ.

ಕೆಲಸದ ಕಾರ್ಡಿನಲ್ಲಿ ಮೂರು ಕಲಂ. ಅಳತೆ — ನನ್ನ ಸೈನು. ಫಿಟ್ಟಿಂಗ್, ಪಳಗಿಸಿದ್ದು — ಎರಡೂ ಅವನವು.

ಮಾರ್ಚ್ 7, ಶನಿವಾರ. ಮಧ್ಯಾಹ್ನ 1.30. ಕಣ್ಣಾಸ್ಪತ್ರೆ

ಅಮ್ಮನ ಕಣ್ಣಿಗೆ ಡ್ರಾಪ್ಸ್ ಹಾಕಿ ಕೂರಿಸಿದ್ದಾರೆ. ಇನ್ನರ್ಧ ಗಂಟೆ ಅಂತೆ.

ಬೆಳಿಗ್ಗೆ ಆರು ಬೈಕು ಉಳಿದಿದ್ದವು. ಹನ್ನೊಂದಕ್ಕೆ ಮ್ಯಾನೇಜರ್ ಬಾಗಿಲಲ್ಲಿ ಬಂದು ನಿಂತರು. ಸವಾರರು ಸ್ಯಾಂಪಲ್ ಡಬ್ಬ ಹಿಡಿದು ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಗಡಿಯಾರ. ಹನ್ನೆರಡು ವರ್ಷದಲ್ಲಿ ಒಂದು ದಿನವೂ ತಡ ಮಾಡದ ಸವಾರ, ಅದಕ್ಕೇ ಆ ಹೆಸರು. ನಿಮಿಷಕ್ಕೊಮ್ಮೆ ಕೈಗಡಿಯಾರ ನೋಡುತ್ತಿದ್ದ. ನನಗೆ ಹನ್ನೆರಡಕ್ಕೆ ಹೊರಡಲೇಬೇಕಿತ್ತು. ಈ ಅಪಾಯಿಂಟ್‌ಮೆಂಟ್ ತಪ್ಪಿದರೆ ಮತ್ತೆ ಒಂದೂವರೆ ತಿಂಗಳು.

ತಮ್ಮ ಬಂದು ಕೇಳಿದ, "ಅಕ್ಕ, ಈ ಆರು ಪಳಗಿಸೋಕೆ ಎರಡೂವರೆ ಗಂಟೆ ಬೇಕು. ಏನು ಮಾಡ್ಲಿ?"

"ಬಿಡು. ಓಡಿಸ್ತಾ ಓಡಿಸ್ತಾ ಸೆಟ್ ಆಗುತ್ತೆ. ಸೈನ್ ಹಾಕಿ ಕಳಿಸು" ಅಂದೆ.

ಅವನು ಒಂದು ಗಳಿಗೆ ನಿಂತ. ಆಮೇಲೆ ಹಾಕಿದ. ಹೊರಡುವಾಗ ಗಡಿಯಾರನಿಗೆ "ಎರಡು ದಿನ ಜೋರಾಗಿ ಬ್ರೇಕ್ ಹಿಡೀಬೇಡಿ ಸಾರ್" ಅಂತ ಕೂಗಿದ. ಅವನು ಹೆಲ್ಮೆಟ್ ಹಾಕಿಯಾಗಿತ್ತು. ಕೇಳಿಸಿತೋ ಇಲ್ಲವೋ.

ಅಮ್ಮ ಪಕ್ಕದವರಿಗೆ ನನ್ನ ಕೆಲಸದ ಬಗ್ಗೆ ಹೇಳುತ್ತಿದ್ದಾಳೆ. "ಇವಳು ನೋಡ್ದೆ ಒಂದು ಗಾಡೀನೂ ರೋಡಿಗೆ ಇಳಿಯಲ್ಲ." ಸಾಕು ಸುಮ್ಮನಿರಮ್ಮ.

ಸಂಜೆ 6.15

ಗಡಿಯಾರ ಬಿದ್ದಿದ್ದಾನೆ.

ಮೊದಲ ಟ್ರಿಪ್ಪಿನಲ್ಲೇ. ಸೇತುವೆ ಇಳಿಜಾರಿನಲ್ಲಿ ಮುಂದಿನ ಲಾರಿ ಗಕ್ಕನೆ ನಿಂತಿತಂತೆ. ಬ್ರೇಕ್ ಹಿಡಿದ, ಗಾಡಿ ನಿಲ್ಲಲಿಲ್ಲವಂತೆ. ಲಾರಿಯ ಹಿಂಬದಿಗೆ ಹೋಗಿ ಬಡಿದು ಪಕ್ಕಕ್ಕೆ ಉರುಳಿದ. ತೊಡೆ ಮೂಳೆ, ಸೊಂಟ. ಜೀವಕ್ಕೆ ತೊಂದರೆ ಇಲ್ಲವಂತೆ.

ತಮ್ಮ ಫೋನಿನಲ್ಲಿ ಇಷ್ಟು ಹೇಳಿದ. "ಉಳಿದ ಐದು ಗಾಡಿ ವಾಪಸ್ ಕರೆಸಿದೀನಿ. ಪಳಗಿಸ್ತಾ ಇದೀನಿ" ಅಂದ. "ಒಳ್ಳೇದು" ಅಂದೆ.

ಒಳ್ಳೇದು! ಬೇರೆ ಮಾತೇ ಸಿಗಲಿಲ್ಲವೇ ನನ್ನ ಬಾಯಿಗೆ.

ಮಾರ್ಚ್ 9, ಸೋಮವಾರ

ಆ ಡಿಸ್ಕನ್ನು ಬಿಚ್ಚಿ ತಂದು ನನ್ನ ಟೇಬಲ್ ಮೇಲೆ ಇಟ್ಟರು. ಪ್ಲಾಸ್ಟಿಕ್ ಚೀಲದಲ್ಲಿ. ಮ್ಯಾನೇಜರ್ ಅಂದರು, "ಬುಧವಾರ ವಿಮೆಯವರು ಬರ್ತಾರೆ. ಡಿಸ್ಕ್ ನೋಡಿ ಇದ್ದದ್ದು ಇದ್ದ ಹಾಗೆ ಬರೆದುಕೊಡಿ. ನಿಮ್ಮಷ್ಟು ಚೆನ್ನಾಗಿ ಓದೋರು ಇನ್ಯಾರಿದಾರೆ?"

ಓದಿದೆ. ದಪ್ಪ 4.01. ಡಯಲ್ ಗೇಜ್ ಇಟ್ಟು ತಿರುಗಿಸಿದೆ, ಓಲಾಟ ಮಿಲಿಮೀಟರಿನ ನೂರರಲ್ಲಿ ನಾಲ್ಕು ಭಾಗ. ಬಿದ್ದ ಪೆಟ್ಟಿಗೂ ಬಾಗಿಲ್ಲ. ಕಳಪೆ ಮಾಲು ಅನ್ನುವ ಹಾಗಿಲ್ಲ. ಮೆಷಿನ್ನಿನ ಗೀರು ಮುಕ್ಕಾಲು ಪಾಲು ಹೊಸದಾಗಿಯೇ ಇದೆ. ಪ್ಯಾಡ್ ತಾಗಿರುವುದು ಹೊರ ಅಂಚಿನ ಒಂದು ಪಟ್ಟಿಗೆ ಮಾತ್ರ. ಅಲ್ಲಿ ಮೂರು ಕಡೆ ನೀಲಿ ಕಲೆ. ಒಮ್ಮೆಲೇ ಬಲವಾಗಿ ಒತ್ತಿದಾಗ ಸುಟ್ಟದ್ದು. ಪ್ಯಾಡಿನ ಮುಖ ಗಾಜಿನ ಹಾಗೆ ಹೊಳೆಯುತ್ತದೆ.

ಪಳಗಿಸಿಲ್ಲ. ಮೂವತ್ತು ಸಲ ಇರಲಿ, ಮೂರು ಸಲವೂ ಇಲ್ಲ. ಗ್ಯಾರೇಜಿನ ಯಾರನ್ನು ಕರೆದು ತೋರಿಸಿದರೂ ಹೇಳುತ್ತಾರೆ.

ಬರೆದುಕೊಟ್ಟೆ. ಒಂದು ಪುಟ. ಅಕ್ಷರ ಚೆನ್ನಾಗಿ ಬಂತು.

ಮಾರ್ಚ್ 11, ಬುಧವಾರ

ಮ್ಯಾನೇಜರ್ ರೂಮು. ವಿಮೆಯವನು ಕಿಟಕಿ ಪಕ್ಕ, ಮೊಣಕಾಲ ಮೇಲೆ ಬರೆಯುವ ಪ್ಯಾಡ್. ತಮ್ಮ ನಿಂತಿದ್ದ. ನನಗೆ ಕುರ್ಚಿ ಕೊಟ್ಟಿದ್ದರು. ಡಿಸ್ಕ್ ಮೇಜಿನ ಮೇಲೆ.

ಮ್ಯಾನೇಜರ್ ಕಾರ್ಡ್ ತೋರಿಸಿದರು. "ಪಳಗಿಸಿದ್ದು ಅಂತ ಇದೆ. ನಿನ್ನ ಸೈನ್ ತಾನೇ?"

"ಹೌದು ಸಾರ್."

"ಪಳಗಿಸಿದ್ಯಾ?"

"ಇಲ್ಲ ಸಾರ್."

"ಯಾಕೆ?"

"ಟೈಮ್ ಇರ್ಲಿಲ್ಲ ಸಾರ್."

ಬಾಗಿಲಲ್ಲಿ ನಿಂತು ಅವಸರ ಮಾಡಿದ್ದು ತಾವೇ ಅನ್ನುವುದು ಮ್ಯಾನೇಜರಿಗೆ ನೆನಪಿದ್ದಂತೆ ಕಾಣಲಿಲ್ಲ. ವಿಮೆಯವನು ತಲೆ ಎತ್ತಿದ. "ಯಾರಾದ್ರೂ ಬಿಡು ಅಂತ ಹೇಳಿದ್ರಾ?"

ತಮ್ಮ ನನ್ನ ಕಡೆ ನೋಡಿದ. ನಾನು ಡಿಸ್ಕ್ ನೋಡುತ್ತಿದ್ದೆ. ಅದರ ನೀಲಿ ಕಲೆ ಎಣಿಸುತ್ತಿದ್ದೆ. ಒಂದು, ಎರಡು, ಮೂರು. ಫ್ಯಾನ್ ತಿರುಗುತ್ತಿತ್ತು. ಅವನು ಮಾತಾಡಲಿಲ್ಲ.

ಮ್ಯಾನೇಜರ್ ನನ್ನ ಕಡೆ ತಿರುಗಿದರು. "ಮೇಡಂ, ಪಳಗಿಸದೇ ಕಳಿಸ್ತಿರೋದು ನಿಮಗೆ ಗೊತ್ತಿತ್ತಾ?"

"ಇಲ್ಲ ಸಾರ್."

ಯೋಚನೆ ಮಾಡಿ ಹೇಳಿದ್ದಲ್ಲ. ಅವರು ಕೇಳಿ ಮುಗಿಸುವಷ್ಟರಲ್ಲಿ ಬಾಯಿಂದ ಬಿದ್ದಿತ್ತು. ಯೋಚನೆ ಮಾಡಿದ್ದರೂ ಅದನ್ನೇ ಹೇಳುತ್ತಿದ್ದೆನೋ ಏನೋ. ತಮ್ಮ ಆಮೇಲೆ ನನ್ನ ಕಡೆ ನೋಡಲಿಲ್ಲ. ನೆಲ ನೋಡಿದ.

ಮನೆಗೆ ಬಂದು ಶನಿವಾರದ ಪುಟ ತೆಗೆದೆ. ಹರಿಯೋಣ ಅನ್ನಿಸಿತು. ಯಾರು ಓದುತ್ತಾರೆ ಇದನ್ನು. ಮುಚ್ಚಿಟ್ಟೆ.

ಮಾರ್ಚ್ 13, ಶುಕ್ರವಾರ

ತಮ್ಮನನ್ನು ತೆಗೆದರು. ನಾಳೆಯಿಂದ ಬರುವುದು ಬೇಡ.

ನನ್ನ ರಿಪೋರ್ಟನ್ನು ವಿಮೆಯವನು ಹೊಗಳಿದನಂತೆ. "ಸ್ವಂತ ತಮ್ಮ ಅಂತಾನೂ ನೋಡ್ಲಿಲ್ಲ" ಅಂತ ಕ್ಯಾಂಟೀನಿನಲ್ಲಿ ಮಾತು. ನಾನು ಹೋದ ಕೂಡಲೇ ಜಾಗ ಬಿಟ್ಟುಕೊಟ್ಟರು, ಎದ್ದು ನಿಂತು.

ಮಾರ್ಚ್ 14, ಶನಿವಾರ

ಬೆಳಿಗ್ಗೆ ಅಮ್ಮ ಶುರು ಮಾಡಿದಳು. ರಾತ್ರಿಯೆಲ್ಲ ತಡೆದುಕೊಂಡಿದ್ದಳು ಅನ್ನಿಸುತ್ತದೆ.

"ಒಬ್ಬನ ಕಾಲು ಮುರಿದೆಯಲ್ಲೋ. ನಿನ್ನ ಅಕ್ಕ ಕೈ ಹಿಡಿದು ಕೆಲಸ ಕಲಿಸಿದ್ಳು. ಅವಳ ಮುಖಕ್ಕೇ ಮಸಿ ಬಳಿದ್ಯಾ? ಇಪ್ಪತ್ತೈದು ನಿಮಿಷ ಗಾಡಿ ಓಡಿಸೋಕೆ ನಿನಗೆ ಸೋಮಾರಿತನ!"

ತಮ್ಮ ಚಹಾ ಕುಡಿಯುತ್ತಿದ್ದ. ಲೋಟ ತೊಳೆದು ಬೋರಲು ಹಾಕಿದ. ಒಳಗೆ ಹೋದ. ಬಟ್ಟೆ ತುಂಬುವ ಸದ್ದು.

"ಎಲ್ಲಿಗೆ?" ಅಂದಳು ಅಮ್ಮ.

"ಲೇತ್ ಅಂಗಡಿಯವರು ಕರೆದಿದಾರೆ. ಅಲ್ಲೇ ಮೇಲೆ ರೂಮಿದೆ."

"ಹೋಗು. ಕಣ್ಣೆದುರು ಇರಬೇಡ. ನನಗೆ ಮಗ ಇಲ್ಲ ಅಂದ್ಕೋತೀನಿ."

ಅಮ್ಮ ಇಂಥ ಮಾತು ಯಾವತ್ತೂ ಆಡಿದವಳಲ್ಲ. ಆಡಿದ ಮೇಲೆ ಅವಳೇ ಗೋಡೆ ಹಿಡಿದುಕೊಂಡಳು.

ನಾನು ಬಾಗಿಲ ಪಕ್ಕ ನಿಂತಿದ್ದೆ. ಅವನ ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಟೂಲ್ ಬಾಕ್ಸು. ಮೆಟ್ಟಿಲು ಇಕ್ಕಟ್ಟು, ಬಾಕ್ಸು ಗೋಡೆಗೆ ತಾಗುತ್ತಿತ್ತು. "ಒಂದು ನಾನು ತರ್ಲಾ?" ಅಂದೆ. "ಬೇಡ ಅಕ್ಕ. ಹಗುರಾನೇ ಇದೆ" ಅಂದ. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 22, ಬುಧವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ಸುಳ್ಳು. ಇತ್ತು.

ಮ್ಯಾನೇಜರ್ ಹೇಳಿದರು, ಹೊಸ ಡಿಸ್ಕ್ ಪಳಗಿಸುವ ಕ್ರಮವನ್ನು ಬರೆದುಕೊಡಿ, ಗೋಡೆಗೆ ಹಾಕೋಣ. ಬರೆದೆ. ನಲವತ್ತರಿಂದ ಹತ್ತಕ್ಕೆ, ಮೂವತ್ತು ಸಲ. ಯಾವ ಕಾರಣಕ್ಕೂ, ಯಾರು ಹೇಳಿದರೂ, ಈ ಕೆಲಸ ಬಿಡಬಾರದು. "ಯಾರು ಹೇಳಿದರೂ" ಬರೆಯುವಾಗ ಪೆನ್ನು ನಿಂತಿತು. ಆದರೂ ಬರೆದೆ. ಅದನ್ನು ಲ್ಯಾಮಿನೇಟ್ ಮಾಡಿಸಿ ಎರಡನೇ ಬೇಯ ಗೋಡೆಗೆ ಹೊಡೆದರು. ಅಲ್ಲಿ ಈಗ ಬೇರೆ ಮೆಕ್ಯಾನಿಕ್ ಇದ್ದಾನೆ. ಐವತ್ತು ದಾಟಿದವನು, ಮಾತು ಕಡಿಮೆ.

ಆಸ್ಪತ್ರೆಗೆ ಗ್ಯಾರೇಜಿನವರ ಜೊತೆ ಒಮ್ಮೆ ಹೋಗಿದ್ದೆ. ಎಲ್ಲರ ಹಿಂದೆ ನಿಂತಿದ್ದೆ. ಗಡಿಯಾರನಿಗೆ ಕಂಡಿರಲಿಕ್ಕಿಲ್ಲ.

ಮೇ 18, ಸೋಮವಾರ

ಗಡಿಯಾರ ಕೆಲಸಕ್ಕೆ ಬಂದ. ಬೈಕಿಗಲ್ಲ, ಸವಾರರಿಗೆ ಟೋಕನ್ ಕೊಡುವ ಡಿಸ್ಪ್ಯಾಚ್ ಕೌಂಟರಿಗೆ. ಕೈಯಲ್ಲಿ ಕೋಲು. ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡ ಆಗಿದೆ. ಕೌಂಟರಿನ ಕಿಟಕಿ ನಾನು ಒಳಗೆ ಹೋಗುವ ದಾರಿಯಲ್ಲೇ.

ಎದ್ದು ನಿಂತ, ಕೋಲು ಊರಿಕೊಂಡು. "ನಮಸ್ಕಾರ ಮೇಡಂ."

"ಕೂತ್ಕೊಳಿ, ಕೂತ್ಕೊಳಿ" ಅಂದೆ.

"ಇಲ್ಲ ಮೇಡಂ. ನಿಮಗೆ ನಿಂತೇ ಹೇಳ್ಬೇಕು ಅಂದ್ಕೊಂಡಿದ್ದೆ. ನೀವು ಡಿಸ್ಕ್ ನೋಡಿ ನಿಜ ಬರೆದ್ರಂತೆ. ಇಲ್ಲದೇ ಹೋಗಿದ್ರೆ ನಾನೇ ಜೋರಾಗಿ ಓಡಿಸಿ ಬಿದ್ದೆ ಅಂತ ತಳ್ಳಿಬಿಡ್ತಿದ್ರು. ರಕ್ತ ಹಂಚಿಕೊಂಡವನು ಅಂತಾನೂ ನೋಡ್ಲಿಲ್ಲ ನೀವು. ಅಂಥೋರು ಎಲ್ಲಿದಾರೆ ಈಗ?"

"ಕಾಲು ನೋಡ್ಕೊಳಿ" ಅಂದು ಒಳಗೆ ಬಂದೆ.

ಜೂನ್ 3, ಬುಧವಾರ

ದಿನಾ ಎದ್ದು ನಿಲ್ಲುತ್ತಾನೆ. ಏಳಲು ಅವನಿಗೆ ಕಷ್ಟ. ಕೋಲು ಹುಡುಕಬೇಕು, ಮೇಜು ಹಿಡಿಯಬೇಕು. ನಿಂತು "ನಮಸ್ಕಾರ ಮೇಡಂ".

ನಿನ್ನೆಯಿಂದ ಹಿಂದಿನ ಗೇಟಿನಿಂದ ಹೋಗುತ್ತಿದ್ದೇನೆ. ಕಸದ ಡಬ್ಬಗಳ ಪಕ್ಕದಿಂದ. ವಾಚ್‌ಮನ್ ವಿಚಿತ್ರವಾಗಿ ನೋಡಿದ.

ಜೂನ್ 16, ಮಂಗಳವಾರ

ಹೊಸ ಮೆಕ್ಯಾನಿಕ್ ಇವತ್ತು ಬಂದು, "ಮೇಡಂ, ಇದೊಂದು ಹೀಗೇ ಕಳಿಸ್ಲಾ? ಅರ್ಜೆಂಟ್ ಅಂತಿದಾರೆ" ಅಂದ.

ಕೂಗಾಡಿದೆ. ಏನು ಕೂಗಿದೆ ನೆನಪಿಲ್ಲ. ಮೈಕ್ರೋಮೀಟರ್ ಕೈಯಿಂದ ಬಿತ್ತು. ಎಲ್ಲ ಬೇಯವರು ಬಂದು ನಿಂತರು. ಅವನು ಪಾಪ, ಒಂದು ಮಾತೂ ಎದುರಾಡದೆ ಬೈಕ್ ತೆಗೆದುಕೊಂಡು ಪಳಗಿಸಲು ಹೋದ. ಹೋಗುವಾಗ ಯಾರಿಗೋ ಮೆಲ್ಲಗೆ ಹೇಳಿದ್ದು ಕೇಳಿಸಿತು — "ತಮ್ಮನ್ನೇ ಬಿಡದ ಹೆಂಗಸು, ನನ್ನ ಬಿಡ್ತಾಳಾ?"

ಹೆದರಿಕೆ ಅಲ್ಲ, ಆ ದನಿಯಲ್ಲಿ ಗೌರವ ಇತ್ತು.

ಮೈಕ್ರೋಮೀಟರ್ ಮಿಲಿಮೀಟರಿನ ನೂರರಲ್ಲಿ ಎರಡು ಭಾಗ ತಪ್ಪು ತೋರಿಸುತ್ತಿದೆ. ಸೆಟ್ ಮಾಡಬೇಕು.

ಜೂನ್ 25, ಗುರುವಾರ

ಹಿಂದಿನ ಗೇಟಿಗೆ ಬೀಗ ಹಾಕಿಸಿದ್ದಾರೆ. ಮುಂದಿನಿಂದಲೇ ಹೋಗಬೇಕಾಯಿತು. ಗಡಿಯಾರ ಕಿಟಕಿಯಿಂದ ಕೈಸನ್ನೆ ಮಾಡಿ ಕರೆದ.

"ಮೇಡಂ, ಒಂದು ವಿಷಯ. ನಿಮ್ಮ ತಮ್ಮ ಪ್ರತಿ ಭಾನುವಾರ ನನ್ನ ಮನೆಗೆ ಬರ್ತಾನೆ. ನಿಮಗೆ ಗೊತ್ತಾ?"

ಗೊತ್ತಿರಲಿಲ್ಲ.

"ಆಸ್ಪತ್ರೆಯಿಂದ ಬಿಟ್ಟ ದಿನದಿಂದ. ಬೈಕಲ್ಲಿ ಕೂರಿಸ್ಕೊಂಡು ಫಿಸಿಯೋಗೆ ಕರ್ಕೊಂಡು ಹೋಗ್ತಾನೆ, ವಾಪಸ್ ತಂದು ಬಿಡ್ತಾನೆ. ಬೇಡ ಅಂದ್ರೂ ಬರ್ತಾನೆ. ನಾನು ಸುಮ್ನೆ ಇರ್ತೀನಾ? ದಾರಿಯುದ್ದಕ್ಕೂ ಬೈತೀನಿ. ಕೊಲೆಗಾರ ಅಂದಿದೀನಿ. ಮುಖದ ಮೇಲೆ ನೀರು ಎರಚಿದೀನಿ ಒಂದ್ಸಲ. ಒರೆಸ್ಕೊಂಡು ಸ್ಟಾರ್ಟ್ ಮಾಡ್ತಾನೆ. ಒಂದು ಮಾತಾಡಲ್ಲ."

"ಯಾಕೆ ನನಗೆ ಹೇಳ್ತಿದೀರಾ?"

"ಅವನಿಗೆ ಬೈದೂ ಬೈದೂ ನನಗೇ ಬೇಜಾರಾಗೋಗಿದೆ ಮೇಡಂ. ಒಂದ್ಸಲ ಎದುರು ಮಾತಾಡು ಅಂತ ಹೇಳಿ. ನಿಮ್ಮ ಮಾತು ಕೇಳ್ತಾನೆ."

ಹೌದು. ನನ್ನ ಮಾತು ಕೇಳುತ್ತಾನೆ.

ಆಗಲೇ ಹೇಳಬಹುದಿತ್ತು. ಹಿಂದೆ ಇಬ್ಬರು ಸವಾರರು ಟೋಕನ್ನಿಗೆ ಕಾಯುತ್ತಿದ್ದರು. ಅದನ್ನು ನೆಪ ಮಾಡಿಕೊಂಡೆ.

ಜುಲೈ 1, ಬುಧವಾರ

ಹೇಳಿದೆ.

ಊಟದ ಹೊತ್ತು. ಕೌಂಟರಿನಲ್ಲಿ ಅವನೊಬ್ಬನೇ. ಡಬ್ಬಿ ಬಿಚ್ಚುತ್ತಿದ್ದ. ನನ್ನನ್ನು ನೋಡಿ ಏಳಲು ಹೋದ. "ಏಳ್ಬೇಡಿ. ದಯವಿಟ್ಟು ಏಳ್ಬೇಡಿ" ಅಂದೆ. ದನಿ ಹೇಗಿತ್ತೋ, ಹಾಗೇ ಕೂತ.

"ಅವತ್ತು ಪಳಗಿಸ್ಬೇಡ ಅಂತ ಹೇಳಿದ್ದು ನಾನು. ತಮ್ಮ ಕೇಳ್ದ, ಏನು ಮಾಡ್ಲಿ ಅಂತ. ಬಿಡು, ಸೈನ್ ಹಾಕಿ ಕಳಿಸು ಅಂದೆ. ಆಮೇಲೆ ಮ್ಯಾನೇಜರ್ ಕೇಳಿದಾಗ ಗೊತ್ತಿಲ್ಲ ಅಂದೆ."

ಎಷ್ಟು ಬೇಗ ಮುಗಿಯಿತು. ನಾಲ್ಕು ತಿಂಗಳು ಹೊತ್ತುಕೊಂಡಿದ್ದು, ಹೇಳಲು ಅರ್ಧ ನಿಮಿಷ ಬೇಕಾಗಲಿಲ್ಲ.

ಅವನು ಡಬ್ಬಿಯ ಮುಚ್ಚಳ ಹಾಕಿದ. ತಿರುಗಿಸಿ ತಿರುಗಿಸಿ ಭದ್ರ ಮಾಡಿದ.

"ನಾನು ಅವನಿಗೆ ಏನೇನು ಅಂದಿದೀನಿ ಗೊತ್ತಾ ನಿಮಗೆ?"

"ಹೇಳಿದ್ರಿ."

"ಅರ್ಧಾನೂ ಹೇಳಿಲ್ಲ. ನಿಮ್ಮ ಹೆಸರು ಎತ್ತಲಿಲ್ಲ ಅವನು. ಒಂದು ದಿನಾನೂ. ನಾನು ಅವನ ಹತ್ರಾನೇ ನಿಮ್ಮನ್ನ ಹೊಗಳ್ತಿದ್ದೆ. ನಿನ್ನ ಅಕ್ಕನ್ನ ನೋಡಿ ಕಲಿ ಅಂತ. ಅದಕ್ಕೂ ಹೂಂ ಅಂತಿದ್ದ."

ತಪ್ಪಾಯ್ತು ಅನ್ನುವ ಮಾತು ಎಷ್ಟು ಚಿಕ್ಕದು ಅನ್ನಿಸಿತು.

"ಹೋಗಿ ಮೇಡಂ" ಅಂದ. ಕಿಟಕಿಯ ಗಾಜು ಎಳೆದುಕೊಂಡ. ಗಾಜಿನೊಳಗೆ ಹಾಗೇ ಕೂತಿದ್ದ, ಡಬ್ಬಿ ಮೇಲೆ ಕೈ ಇಟ್ಟುಕೊಂಡು. ಊಟ ಮಾಡಲಿಲ್ಲ.

ಜುಲೈ 2, ಗುರುವಾರ

ಮ್ಯಾನೇಜರ್ ರೂಮಿಗೆ ಹೋದೆ. ಬರೆದುಕೊಂಡು ಹೋಗಿದ್ದೆ, ಒಂದು ಪುಟ. ಅವರು ನಿಂತೇ ಓದಿದರು. ಎರಡು ಸಲ ಓದಿದರು. ಬಾಗಿಲು ಮುಚ್ಚಿ ಬಂದು ಕೂತರು.

"ಫೈಲ್ ಕ್ಲೋಸ್ ಆಗಿದೆ ಮೇಡಂ."

"ತೆಗೀರಿ. ತಮ್ಮನ್ನ ವಾಪಸ್ ತಗೊಳಿ. ನನ್ನ ತೆಗೆದುಹಾಕಿ."

"ನೀವು ಹೇಳಿದಷ್ಟು ಸುಲಭ ಅಲ್ಲ. ವಿಮೆಯವರ ಮುಂದೆ ಒಂದು ಹೇಳಿ ಈಗ ಇನ್ನೊಂದು ಹೇಳಿದ್ರೆ ಕಂಪನಿ ಮರ್ಯಾದೆ ಏನಾಗುತ್ತೆ?" ಕನ್ನಡಕ ತೆಗೆದು ಒರೆಸಿದರು. "ನಿಜ ಹೇಳ್ಲಾ? ನನಗೆ ಅವತ್ತೇ ಅನುಮಾನ ಇತ್ತು. ನಿಮ್ಮ ತಮ್ಮ ನಿಮ್ಮನ್ನ ನೋಡಿದ್ದು ನಾನೂ ನೋಡ್ದೆ."

"ಮತ್ತೆ ಯಾಕೆ—"

"ಯಾರಾದ್ರೂ ಒಬ್ಬರು ಹೋಗ್ಲೇಬೇಕಿತ್ತು. ಮೆಕ್ಯಾನಿಕ್ ಸಿಗ್ತಾರೆ. ಅಳತೆ ಗೊತ್ತಿರೋರು ಸಿಗಲ್ಲ."

ಕಾಗದ ಮಡಚಿ ನನ್ನ ಕಡೆ ಸರಿಸಿದರು. ಮಡಿಕೆ ನೀಟಾಗಿತ್ತು. "ಇದು ನನಗೆ ಬಂದಿಲ್ಲ. ಹೋಗಿ, ಹೊಸ ಲಾಟ್ ಬಂದಿದೆ."

ಹೊರಗೆ ಬಂದೆ. ಇಪ್ಪತ್ತು ಡಿಸ್ಕ್ ಟೇಬಲ್ ಮೇಲೆ ಕಾಯುತ್ತಿದ್ದವು. ಅಳೆದೆ. ಬೇರೇನು ಮಾಡಲಿ? ಅಳೆದೆ. ಎಲ್ಲವೂ ಸರಿಯಾಗಿದ್ದವು. ಒಂದಾದರೂ ಕೆಟ್ಟಿರಬಾರದಿತ್ತೇ ಅನ್ನಿಸಿತು.

ಸಂಜೆ ಹೊರಡುವಾಗ ಗಡಿಯಾರ ಎದ್ದು ನಿಲ್ಲಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಜುಲೈ 5, ಭಾನುವಾರ. ಮಧ್ಯಾಹ್ನ 12.50

ಲೇತ್ ಅಂಗಡಿಗೆ ಹೋದೆ. ಮೇಲಿನ ರೂಮಿಗೆ ಬೀಗ. ಕೆಳಗಿನವರು ಫಿಸಿಯೋ ಸೆಂಟರಿಗೆ ದಾರಿ ಹೇಳಿದರು.

ಹೊರಗೆ ಉದ್ದ ಬೆಂಚು. ಇಬ್ಬರೂ ಕೂತಿದ್ದರು. ನಡುವೆ ಕೋಲು, ಒಂದು ಪೇಪರ್ ಪೊಟ್ಟಣದಲ್ಲಿ ಕಡಲೆಕಾಯಿ. ಗಡಿಯಾರ ಸುಲಿದು ತಮ್ಮನ ಕೈಗೆ ಹಾಕುತ್ತಿದ್ದ. ನನ್ನನ್ನು ಕಂಡು ಸುಲಿಯುವುದು ನಿಲ್ಲಿಸಿದ.

ತಮ್ಮ ಎದ್ದು ಬಂದ. ಸೊರಗಿದ್ದಾನೆ. ಅಂಗೈ ತುಂಬ ಲೇತಿನಲ್ಲಿ ಕಡೆದ ಕಬ್ಬಿಣದ ಚೂರು ಕುಯ್ದ ಗಾಯ.

"ಹೇಳ್ಬಿಟ್ಟೆ ಕಣೋ" ಅಂದೆ. "ಇವರಿಗೂ. ಮ್ಯಾನೇಜರಿಗೂ."

"ಗೊತ್ತಾಯ್ತು."

"ನೀನು ಅವತ್ತು ಯಾಕೋ ಸುಮ್ಮನಿದ್ದೆ? ನನ್ನ ಉಳಿಸೋಕಾ?"

ನಕ್ಕ. ನಗು ಮೂಗಿನಿಂದ ಬಂತು. "ಉಳಿಸೋಕಲ್ಲ ಅಕ್ಕ. ನೀನೇ ಹೇಳ್ತೀಯ ಅಂದ್ಕೊಂಡಿದ್ದೆ. ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅಂತ ಕಾಯ್ತಾ ನಿಂತಿದ್ದೆ. ನೀನು 'ಇಲ್ಲ ಸಾರ್' ಅಂದೆ. ಆಮೇಲೆ ನಾನು ಬಾಯಿ ಬಿಟ್ರೆ ನನ್ನ ಅಕ್ಕ ಸುಳ್ಳು ಹೇಳ್ತಿದಾಳೆ ಅಂತ ನಾನೇ ಅಂದಂಗೆ. ಅವರೆಲ್ಲರ ಮುಂದೆ. ಅದು ನನ್ನ ಕೈಲಿ ಆಗ್ಲಿಲ್ಲ."

"ಮತ್ತೆ ಇವರ ಹತ್ರ ಬೈಸ್ಕೊಂಡಿದ್ದು?"

"ಸೈನ್ ಹಾಕಿದ್ದು ನಾನಲ್ವಾ? ನೀನು ಹೇಳಿದೆ, ನಿಜ. ಕೈ ನಂದು."

"ಮನೆಗೆ ಬಾರೋ."

"ಅಮ್ಮಂಗೆ ಹೇಳಿದೀಯಾ?"

ನಾನು ಬೆಂಚಿನ ಮೇಲಿನ ಪೊಟ್ಟಣ ನೋಡಿದೆ.

"ಹೊರಗಿನವರಿಗೆಲ್ಲ ಹೇಳ್ದೆ" ಅಂದ. ದನಿ ಏರಲಿಲ್ಲ. "ಅಮ್ಮ ಒಬ್ಬಳು ಉಳಿದ್ಳಾ ಅಕ್ಕ? ಅವತ್ತು ನನಗೆ ಹಂಗಂತಿದ್ದಾಗ ನೀನು ಬಾಗಿಲ ಹತ್ರಾನೇ ಇದ್ದೆ."

ಒಳಗಿನಿಂದ ಮುಂದಿನವರು ಬನ್ನಿ ಅಂತ ಕರೆದರು. ಅವನು ಹೋಗಿ ಗಡಿಯಾರನ ತೋಳಿನ ಕೆಳಗೆ ಕೈ ಹಾಕಿ ಎಬ್ಬಿಸಿದ. ಇಬ್ಬರೂ ಒಳಗೆ ಹೋದರು. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಸಂಜೆ 5.40

ಅಮ್ಮ ನಡುಮನೆಯಲ್ಲಿ ಬಟ್ಟೆ ಮಡಚುತ್ತಿದ್ದಾಳೆ. ಹೊಸ ಕನ್ನಡಕ ಇನ್ನೂ ರೂಢಿಯಾಗಿಲ್ಲ, ಎತ್ತಿ ಎತ್ತಿ ನೋಡುತ್ತಾಳೆ. ಮಧ್ಯಾಹ್ನದಿಂದ ಮೂರು ಸಲ ಹೋಗಿ ಬಂದೆ. ಒಮ್ಮೆ ನೀರು ಕುಡಿದೆ. ಒಮ್ಮೆ ಕಿಟಕಿ ಮುಚ್ಚಿದೆ. ಒಮ್ಮೆ ಸುಮ್ಮನೆ ನಿಂತು ಬಂದೆ.

"ಏನಾಗಿದೆಯೇ ನಿನಗೆ ಇವತ್ತು?" ಅಂದಳು.

ಏನಿಲ್ಲ ಅಂದೆ. ಮತ್ತೆ ಅದೇ ಬಾಯಿ.

ಅವಳು ಎಪ್ಪತ್ತು ದಾಟಿದವಳು. ಮಗನಿಗೆ ಆಡಿದ ಆ ಮಾತನ್ನು ಈಗ ಎಲ್ಲಿಗೆ ತೆಗೆದುಕೊಂಡು ಹೋಗುತ್ತಾಳೆ? ತಪ್ಪು ನನ್ನದು ಅಂತ ಗೊತ್ತಾದರೆ ಅವಳ ಮಾತಿನ ಭಾರ ಅವಳ ಮೇಲೇ ಬೀಳುತ್ತದೆ. ಇದನ್ನೇ ನೆಪ ಮಾಡಿಕೊಂಡು ಇನ್ನೂ ನಾಲ್ಕು ತಿಂಗಳು ದೂಡಬಹುದು. ನಾನು ದೂಡಬಲ್ಲೆ, ಅಷ್ಟು ಗೊತ್ತಾಗಿದೆ ನನ್ನ ಬಗ್ಗೆ.

"ಅಮ್ಮಾ" ಅಂತ ಇಲ್ಲಿಂದಲೇ ಕೂಗಿದೆ. ಎದ್ದು ಹೋದರೆ ಮತ್ತೆ ನೀರು ಕುಡಿದು ವಾಪಸ್ ಬರುತ್ತೇನೆ.

"ಏನೇ?"

"ಬಾ ಇಲ್ಲಿ. ಕೂತ್ಕೋ."

ಕೈಯಲ್ಲಿದ್ದ ಬಟ್ಟೆ ಇಟ್ಟಳು. ಬರುತ್ತಿದ್ದಾಳೆ. ಬಂದು ಮಂಚದ ಅಂಚಿನಲ್ಲಿ ಕೂತಳು. ಏನು ಬರೀತಿದೀಯ ಅಂತ ಕೇಳುತ್ತಿದ್ದಾಳೆ. ಪೆನ್ನು ಇಡುತ್ತಿದ್ದೇನೆ. ಹೇಳುತ್ತೇನೆ, ಈಗಲೇ.